ದೇವರು ಸುಮ್ನಿದ್ದಾಗ ಎಲ್ಲಾ ಆತನ ಕೈಲೇ ಇದೆ ಅಂತ ಹೆಂಗೆ ನಂಬೋದು?

ಗಂಡನ ಕೆಲ್ಸಕ್ಕೋಸ್ಕರ ಎರಡು ವರ್ಷದಿಂದ ಪ್ರಾರ್ಥನೆ ಮಾಡ್ತಿದೀನಿ, ಒಂದು ಸೂಚನೆನೂ ಇಲ್ಲ, ದೇವರು ಸಾರ್ವಭೌಮ ಅಂತಾರೆ, ಹಂಗಿದ್ರೆ ಯಾಕೆ ಸುಮ್ನಿದಾನೆ, ಹಿಂಗೆ ಕೇಳೋದೇ ಅವಿಶ್ವಾಸನಾ ಅಂತ ಕೇಳಿದೀರಿ. ಅವಿಶ್ವಾಸ ಖಂಡಿತ ಅಲ್ಲ ರೀ, ಮೊದ್ಲು ಆ ಭಯ ಬಿಡ್ರಿ.

ಬೈಬಲ್‌ನಲ್ಲಿ 88ನೇ ಕೀರ್ತನೆ ಓದಿದೀರಾ? 13ನೇದು ನನ್ನನ್ನ ಎಲ್ಲೀವರೆಗೆ ಮರೀತೀ ಅಂತ ಶುರುವಾದ್ರೂ ಆರನೇ ವಚನಕ್ಕೆ ಬರೋಷ್ಟರಲ್ಲಿ ಹಾಡ್ತೀನಿ ಅನ್ನುತ್ತೆ, 88 ಮಾತ್ರ ಹಂಗೆ ತಿರುಗೋದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತೆ. ಆದ್ರೂ ಆ ಮನುಷ್ಯ ಹಗಲು ರಾತ್ರಿ ನಿನ್ನನ್ನೇ ಕೂಗ್ತಿದೀನಿ ಅಂತ ದೇವರ ಹತ್ರಾನೇ ಹೇಳ್ತಾನೆ, ಬೇರೆ ಯಾರ ಬಾಗಿಲಿಗೂ ಹೋಗಲ್ಲ. ಎಲ್ಲಾ ಆತನ ಕೈಲಿದೆ ಅಂತ ನಂಬಿರೋನೇ ಆತನ ಜೊತೆ ಇಷ್ಟು ಜಗಳ ಆಡ್ತಾನೆ ಅನ್ಸುತ್ತೆ ನಂಗೆ.

ಈ ಕೀರ್ತನೆ ನಂಗೆ ಪರಿಚಯ ಆಗಿದ್ದು ಇಲ್ಲೇ ಪುಣೆಯಲ್ಲಿ, ಅಪ್ಪಂಗೆ ಲಕ್ವಾ ಹೊಡೆದು ಐಸಿಯುನಲ್ಲಿದ್ದಾಗ. ನೋಡೋಕೆ ಬಂದೋರು ದೇವರ ಚಿತ್ತ, ಒಳ್ಳೇದಕ್ಕೇ ಮಾಡಿರ್ತಾನೆ ಅಂದು ಹೋಗ್ತಿದ್ರು. ನಮ್ಮ ಸಭೆಯಲ್ಲಿ ಬೀದರ್ ಕಡೆ ಆಂಟಿ ಒಬ್ರು ಮಾತ್ರ ಬಟ್ಟೇಲಿ ಸುತ್ತಿದ ಜೋಳದ ರೊಟ್ಟಿ, ಪುಂಡಿ ಪಲ್ಯ ತಂದು, ಮೊದ್ಲು ತಿನ್ನು ಅಂತ ಎದುರಿಗೇ ಕೂತು ತಿನ್ಸಿ, ಆಮೇಲೆ ಕನ್ನಡಕ ಹಾಕ್ಕೊಂಡು ಇದನ್ನ ಕೊನೇವರೆಗೂ ಓದಿದ್ರು, ಓದಿ ವಿವರಣೆ ಏನೂ ಕೊಡ್ಲಿಲ್ಲ, ನನ್ನ ಕೈ ಹಿಡ್ಕೊಂಡು ಕೂತ್ರು. ಅವತ್ತು ಮೊದಲ್ನೇ ಸಲ ಬಾಯಿಬಿಟ್ಟು ಅತ್ತೆ, ಅದೇ ನನ್ನ ಪ್ರಾರ್ಥನೆ ಆಯ್ತು. ಅಪ್ಪ ಮನೆಗೆ ಬಂದ್ರು, ಬಲಗೈ ಇವತ್ತಿಗೂ ಎತ್ತೋಕಾಗಲ್ಲ. ಯಾಕೆ ಅಂತ ನಂಗೆ ಉತ್ತರ ಸಿಕ್ಕಿಲ್ಲ, ಇನ್ನೂ ಕೇಳ್ತಾನೇ ಇದೀನಿ.

ಇನ್ನು ಬೈಬಲ್‌ನ ಆದಿಕಾಂಡದಲ್ಲಿ ಬರೋ ಯಾಕೋಬನ ಮಗ ಯೋಸೇಫ. 17ನೇ ವಯಸ್ಸಲ್ಲಿ ಕನಸು ಕಂಡ, ಅಣ್ಣಂದಿರು ಮಾರಿಬಿಟ್ರು, ಐಗುಪ್ತದ ರಾಜ ಫರೋಹನ ಮುಂದೆ ನಿಂತಾಗ 30. ಅವನ ಹಿರಿಯರಾದ ಅಬ್ರಹಾಮ, ಇಸಾಕ, ಯಾಕೋಬರ ಜೊತೆ ದೇವರು ನೇರವಾಗಿ ಮಾತಾಡಿದಾನೆ, ಯೋಸೇಫನ ಜೊತೆ ಹಂಗೆ ಮಾತಾಡಿದ್ದು ಆದಿಕಾಂಡದಲ್ಲಿ ಎಲ್ಲೂ ಇಲ್ಲ. ಜೊತೇಲಿ ಜೈಲಲ್ಲಿದ್ದ ಪಾನದಾಯಕ, ಅಂದ್ರೆ ರಾಜನಿಗೆ ದ್ರಾಕ್ಷಾರಸ ಕೊಡೋನು, ಬಿಡುಗಡೆಯಾಗಿ ಹೋಗಿ ಇವನನ್ನ ಮರೆತ, ಜೈಲಲ್ಲಿ ಮತ್ತೆ ಎರಡು ವರ್ಷ. ಆದ್ರೆ 39ನೇ ಅಧ್ಯಾಯ ತೆಗೆದು ನೋಡಿ, ಯೆಹೋವನು ಅವನ ಸಂಗಡ ಇದ್ದನು ಅಂತ ಮತ್ತೆ ಮತ್ತೆ ಬರುತ್ತೆ, ಅದೂ ಗುಲಾಮನಾಗಿ ದುಡೀತಿದ್ದಾಗ, ಸುಳ್ಳು ಆಪಾದನೆ ಹೊತ್ತು ಸೆರೆಮನೆಗೆ ಬಿದ್ದಾಗ. ಓದೋ ನಮಗೆ ಅದು ಕಾಣುತ್ತೆ, ಒಳಗೆ ಕೂತೋನಿಗೆ ಬರೀ ಗೋಡೆ ಕಾಣ್ತಿತ್ತು. ನೀವು ಈಗ ಆ ಗೋಡೆ ಕಡೆ ಇದೀರಿ ಅಷ್ಟೆ. ಯೋಸೇಫಂಗೆ ಪದವಿ ಸಿಕ್ತು, ನಿಮಗೂ ಹಂಗೇ ಆಗುತ್ತೆ ಅಂತ ಮಾತ್ರ ನಾನು ಹೇಳಲ್ಲ, ಹಂಗೆ ಹೇಳೋ ಹಕ್ಕು ಯಾರಿಗೂ ಇಲ್ಲ. ಎಲ್ಲಾ ಕಳ್ಕೊಂಡು ಯಾಕೆ ಅಂತ ದೇವರನ್ನೇ ಕೇಳಿದ ಯೋಬನಿಗೆ, ಅವನ ಹೆಸರಿನ ಪುಸ್ತಕದ 38ನೇ ಅಧ್ಯಾಯದಲ್ಲಿ ದೇವರು ಬಿರುಗಾಳಿಯಿಂದ ಮಾತಾಡಿದಾಗ್ಲೂ ಕಾರಣ ಹೇಳ್ಲಿಲ್ಲ, ಆದ್ರೆ ಬಂದ, ಮತ್ತೆ ಎಲ್ಲಕ್ಕೂ ಕಾರಣ ಗೊತ್ತಿದ್ದೋರ ಥರ ಮಾತಾಡಿದ ಸ್ನೇಹಿತರ ಮೇಲೆ ಸಿಟ್ಟಾದ.

ಹಂಗಾಗಿ ಇವತ್ತು ರಾತ್ರಿ 88ನ್ನ ಜೋರಾಗಿ ಓದಿ, ಗಂಡನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಸಿಟ್ಟು ಬಂದ್ರೆ ಸಿಟ್ಟಲ್ಲೇ ಹೇಳಿ. ಪ್ರಾರ್ಥನೆ ಬಾಯಿಗೆ ಬರದೇ ಇರೋ ದಿನ ಇನ್ನೊಬ್ರಿಗೆ ಮಾಡೋಕೆ ಹೇಳಿ. ಪುಣೆಯಲ್ಲೇ ಇದ್ರೆ ನಮ್ಮ ಪಿಂಪ್ರಿ ಕಡೆ ಬುಧವಾರ ಸಂಜೆ ಕನ್ನಡ ಪ್ರಾರ್ಥನಾಕೂಟ ಇರುತ್ತೆ, ದೇವರು ನಿಮಗೆ ಏನು ಮಾಡಿದ ಅಂತ ಎಲ್ಲರ ಮುಂದೆ ಸಾಕ್ಷಿ ಹೇಳ್ಲೇಬೇಕು ಅಂತ ಯಾರೂ ಒತ್ತಾಯ ಮಾಡಲ್ಲ, ಇಬ್ರೂ ಸುಮ್ನೆ ಬಂದು ಕೂತ್ಕೊಳ್ಳಿ, ನಿಮ್ಮ ಪರವಾಗಿ ನಾವು ಕೇಳ್ತೀವಿ.