ಅಪ್ಪನ ಫೋನ್ ಕಿತ್ತುಕೊಳ್ಳಬೇಕಾ?

ಪ್ರಶ್ನೆ: ನಾಪೋಕ್ಲು ಕಡೆ ನಮ್ಮ ಕಾಫಿ ತೋಟ. ಅಪ್ಪನಿಗೆ 71 ವರ್ಷ. ಅಮ್ಮ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ನಾನು ಮೈಸೂರಿನಲ್ಲಿ, ತಮ್ಮ ಬೆಂಗಳೂರಿನಲ್ಲಿ. ಫೇಸ್‌ಬುಕ್‌ನಲ್ಲಿ ಅಪ್ಪನಿಗೆ ಲಂಡನ್ನಿನ ನರ್ಸ್ ಅಂತ ಹೇಳಿಕೊಳ್ಳುವ ಹೆಂಗಸಿನ ಪರಿಚಯವಾಗಿದೆ. ಮದುವೆ ಮಾತೂ ಆಗಿದೆಯಂತೆ. ಚಿನ್ನ, ಪೌಂಡ್ ಇರುವ ಪಾರ್ಸೆಲ್ ಕಳಿಸಿದ್ದೇನೆ ಅಂದಳಂತೆ. ಮರುದಿನವೇ ದೆಹಲಿ ಕಸ್ಟಮ್ಸ್ ಹೆಸರಿನಲ್ಲಿ ಫೋನ್ ಬಂತು. ಅಪ್ಪ 85,000 ರೂಪಾಯಿ ಕಳಿಸಿಬಿಟ್ಟಿದ್ದಾರೆ. ಈಗ ಇನ್ನೂ 2 ಲಕ್ಷ ಕೇಳುತ್ತಿದ್ದಾರೆ. ಒಳ್ಳೆಯ ರೇಟ್ ಬರಲಿ ಅಂತ ಇಟ್ಟಿದ್ದ ಕರಿಮೆಣಸನ್ನು ಅಪ್ಪ ಮಾರಲು ಹೊರಟಿದ್ದಾರೆ. ಫೋನ್ ಕಿತ್ತುಕೊಳ್ಳೋಣ ಅಂತಾನೆ ತಮ್ಮ. ಏನು ಮಾಡಲಿ?
– ಹೆಸರು ಬೇಡ, ಕೊಡಗು

ಉತ್ತರ: ಫೋನ್ ಕಿತ್ತುಕೊಳ್ಳಬೇಡಿ. ಮೊದಲು 1930ಕ್ಕೆ ಕರೆ ಮಾಡಿ. ಆನ್‌ಲೈನ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ ಅದು. ದುಡ್ಡು ಹೋದ ತಾರೀಕು, ಮೊತ್ತ, ಯುಟಿಆರ್ ನಂಬರ್ (ದುಡ್ಡು ಕಳಿಸಿದಾಗ ಬ್ಯಾಂಕ್ ಆ ವ್ಯವಹಾರಕ್ಕೆ ಕೊಡುವ ಗುರುತಿನ ಸಂಖ್ಯೆ) ಹತ್ತಿರ ಇಟ್ಟುಕೊಳ್ಳಿ. ಬೇಗ ತಿಳಿಸಿದಷ್ಟೂ ದುಡ್ಡು ಇನ್ನೊಂದು ಖಾತೆಗೆ ಜಾರುವ ಮೊದಲು ತಡೆಯುವ ಅವಕಾಶ ಜಾಸ್ತಿ. ತಡವಾಗಿದ್ದರೂ ದೂರು ಕೊಡಿ. ಬ್ಯಾಂಕಿಗೂ ತಿಳಿಸಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಮಡಿಕೇರಿಯ ಸೆನ್ ಪೊಲೀಸ್ ಠಾಣೆಗೂ ಹೋಗಬಹುದು. ಚಾಟ್ ಮಾತ್ರ ಅಳಿಸಬೇಡಿ, ಅದೇ ಸಾಕ್ಷಿ.

ಇನ್ನು ಅಪ್ಪನ ವಿಚಾರ. ನಾನು ವರ್ಷಗಟ್ಟಲೆ ಬ್ಯಾಂಕ್ ಕೌಂಟರ್‌ನಲ್ಲಿ ಕೂತವಳು. ಹೀಗೆ ದುಡ್ಡು ಕಳಿಸಲು ಬಂದ ಹಿರಿಯರನ್ನು ನೋಡಿದ್ದೇನೆ. ಯಾರಿಗೆ ಅಂತ ಕೇಳಿದರೆ ಸಾಕು, ಮುಖ ಆಕಡೆ ತಿರುಗಿಸುತ್ತಾರೆ. ‘ಮಕ್ಕಳಿಗೆ ಹೇಳಬೇಡಿ, ಅವರಿಗೆ ನಿಮ್ಮ ಆಸ್ತಿ ಮೇಲೆ ಕಣ್ಣು’ ಅಂತ ಆ ಕಡೆಯವರು ಮೊದಲೇ ಕಿವಿ ಊದಿರುತ್ತಾರೆ. ನೀವು ಫೋನ್ ಕಿತ್ತುಕೊಂಡರೆ ಆ ಮಾತೇ ನಿಜವಾದ ಹಾಗೆ. ಪೇಟೆಗೆ ಹೋಗಿ ಇನ್ನೊಂದು ಸಿಮ್ ತರುವುದು ಎಷ್ಟೊತ್ತಿನ ಕೆಲಸ, ಅಲ್ವಾ?

ನಿಮ್ಮ ಕಡೆಯ ಮಳೆಗಾಲ ನಿಮಗೇ ಗೊತ್ತು. ಮಧ್ಯಾಹ್ನವೇ ಕತ್ತಲು, ಕರೆಂಟ್ ಇಲ್ಲ. ಕೆಲಸದವರು ಲೈನ್‌ಮನೆ ಸೇರಿರುತ್ತಾರೆ. ಅಷ್ಟು ದೊಡ್ಡ ಮನೆಯಲ್ಲಿ ಅಪ್ಪ ಒಬ್ಬರೇ. ಆಗ ‘ಊಟ ಆಯ್ತಾ’ ಅಂತ ದಿನಾ ಕೇಳಿದ್ದು ಆ ಹೆಂಗಸು. ಹಾಗಾಗಿ ‘ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ’ ಅನ್ನುವ ಮಾತು ನಿಮ್ಮ ಬಾಯಿಂದ ದಯವಿಟ್ಟು ಬರಬಾರದು.

ಆ ಹೆಂಗಸಿನ ಸುದ್ದಿ ಎತ್ತದೆ, ಪಾರ್ಸೆಲ್ಲಿನ ಮಾತಿನಿಂದ ಶುರು ಮಾಡಿ. ಕಸ್ಟಮ್ಸ್‌ನವರು ಫೋನ್ ಮಾಡಿ ಯಾರದೋ ಸ್ವಂತ ಖಾತೆಗೆ ದುಡ್ಡು ಹಾಕಿಸಿಕೊಳ್ಳುವುದಿಲ್ಲ. ಅವರ ಪತ್ರದಲ್ಲಿ ಡಿನ್ ಅನ್ನುವ ಗುರುತಿನ ಸಂಖ್ಯೆ ಇರುತ್ತದೆ. ಅದು ಅಸಲಿಯೋ ಅಲ್ಲವೋ ಅಂತ ಇಲಾಖೆಯ ವೆಬ್‌ಸೈಟ್‌ನಲ್ಲಿ ನೋಡಬಹುದು. 85,000 ಹೋದ ಖಾತೆ ಯಾರ ಹೆಸರಿನಲ್ಲಿದೆ ಅಂತ ಅಪ್ಪನ ಪಕ್ಕ ಕೂತು ನೋಡಿ. ಸರ್ಕಾರದ ಸುಂಕ ಯಾರೋ ಒಬ್ಬನ ಖಾತೆಗೆ ಯಾಕೆ ಹೋಯಿತು ಅಂತ ಅವರನ್ನೇ ಕೇಳಿ. ಇಷ್ಟು ವರ್ಷ ತೋಟದ ಲೆಕ್ಕ ಬರೆದವರು, ಅವರಿಗೆ ಹೊಳೆಯುತ್ತದೆ. ಆಮೇಲೆ ಅವಳ ಫೋಟೊವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅದೇ ಮುಖ ಬೇರೆ ಹೆಸರಿನಲ್ಲಿ ಸಿಗುವುದುಂಟು. ಸಿಗದಿದ್ದರೆ ಅವಳು ಅಸಲಿ ಅಂತ ಅಂದುಕೊಳ್ಳಬೇಡಿ.

ಮಗಳ ಮಾತು ನಾಟದಿದ್ದರೆ ಅಪ್ಪನ ವಾರಿಗೆಯ ಸ್ನೇಹಿತರೊಬ್ಬರಿಂದ ಹೇಳಿಸಿ.

ಮೆಣಸು ಮಾರಬೇಡಿ ಅಂತ ಹಟ ಹಿಡಿಯಬೇಡಿ. ಅದು ಅವರು ಬೆಳೆದದ್ದು. ಗೊಬ್ಬರಕ್ಕೆ, ಗಿಡ ಸವರುವ ಕಪಾತಿಗೆ ಎಷ್ಟು ಬೇಕು ಅಂತ ಇಬ್ಬರೂ ಕೂತು ಲೆಕ್ಕ ಹಾಕಿ, ಉಳಿದದ್ದನ್ನು ಠೇವಣಿ ಇಡಿಸಿ. ಯುಪಿಐ ದಿನದ ಮಿತಿ ಇಳಿಸಲು ಬ್ಯಾಂಕಿನಲ್ಲಿ ಕೇಳಿ. ದೊಡ್ಡ ಮೊತ್ತವನ್ನು ಇಬ್ಬರ ಸಹಿಯೂ ಬೇಕಾಗುವ ಜಂಟಿ ಖಾತೆಯಲ್ಲಿ ಇಡಬಹುದು. ಇದೆಲ್ಲ ಅಪ್ಪ ಒಪ್ಪಿದರೆ ಮಾತ್ರ.

ಸಂಜೆ ಹೊತ್ತು ಫೋನ್ ಮಾಡಿ. ವಂಚನೆಯ ವಿಷಯ ದಿನಾ ಎತ್ತಬೇಡಿ, ಮಳೆ ಎಷ್ಟಾಯ್ತು ಅಂತ ಕೇಳಿ. ಜಗಳ ಆಡಲಿಕ್ಕಲ್ಲ, ಅಪ್ಪನ ಜೊತೆ ನಾಲ್ಕು ದಿನ ಇರಲಿಕ್ಕೆ ಬಾ ಅಂತ ತಮ್ಮನಿಗೂ ಹೇಳಿ.

ಇನ್ನೊಂದು ವಿಷಯ. ‘ಹೋದ ದುಡ್ಡು ವಾಪಸ್ ಕೊಡಿಸ್ತೀವಿ, ಮೊದಲು ಫೀಸ್ ಕಟ್ಟಿ’ ಅಂತ ಪೊಲೀಸ್, ವಕೀಲರ ಸೋಗಿನಲ್ಲಿ ಕರೆ ಬರಬಹುದು. ಅದೂ ಮೋಸವೇ, ಅದೇ ಗುಂಪಿನವರೂ ಇರಬಹುದು. ಅಪ್ಪನಿಗೆ ಈಗಲೇ ಹೇಳಿಡಿ.