1 ಕೆಬಿ ಫೈಲಿನಲ್ಲಿ ತೋಟ ಹಿಡಿಸುತ್ತಾ?

ಪ್ರಶ್ನೆ: ಮೇಡಂ, ಮೂಡಿಗೆರೆ ಹತ್ತಿರ ನಮ್ಮದು 22 ಎಕರೆ ಕಾಫಿ ತೋಟ. ಒಂಬತ್ತು ಬ್ಲಾಕ್. ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ಪ್ರತಿ ಬ್ಲಾಕಿಗೂ ಗಡಿ ಎಳೆದು ಕನ್ನಡದಲ್ಲೇ ಹೆಸರು ಬರೆದಿದ್ದೇನೆ. ಕೊಯ್ಲಿನ ಲೆಕ್ಕ ಎಕ್ಸೆಲ್‌ನಲ್ಲಿದೆ. ಎರಡನ್ನೂ ಪವರ್ ಬಿಐಗೆ (ಲೆಕ್ಕವನ್ನು ಚಿತ್ರವಾಗಿ ತೋರಿಸುವ ಸಾಫ್ಟ್‌ವೇರ್) ಹಾಕಿ, ಯಾವ ಬ್ಲಾಕಿನಲ್ಲಿ ಎಷ್ಟು ಚೀಲ ಬಂತು ಅಂತ ಬಣ್ಣದಲ್ಲಿ ನೋಡುವ ಆಸೆ. ಮ್ಯಾಪನ್ನು ಕೆಎಂಎಲ್ (ನಕ್ಷೆಯ ಫೈಲ್) ಆಗಿ ಇಳಿಸಿಕೊಂಡೆ, ಪವರ್ ಬಿಐ ತಗೊಳ್ಳುತ್ತಿಲ್ಲ. ಮಗ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ತೆರೆದ, ಅಲ್ಲೂ ಖಾಲಿ. ಫೈಲ್ ನೋಡಿದರೆ ಬರೀ 1 ಕೆಬಿ. ಎಲ್ಲಿ ತಪ್ಪಿದೆ?
– ಬೆಳೆಗಾರರೊಬ್ಬರು, ಮೂಡಿಗೆರೆ ತಾಲ್ಲೂಕು

ಉತ್ತರ: ರೋಗ ಏನು ಅಂತ ನಿಮ್ಮ ಪತ್ರದ ಕೊನೆಯಲ್ಲೇ ಇದೆ. ಒಂಬತ್ತು ಬ್ಲಾಕಿನ ಗಡಿ 1 ಕೆಬಿಯಲ್ಲಿ ಹಿಡಿಸುವುದಿಲ್ಲ.

ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಕೆಎಂಎಲ್ ಅಂದರೆ ಬರೀ ಅಕ್ಷರಗಳ ಫೈಲ್, ಹೆದರುವಂಥದ್ದೇನಿಲ್ಲ. ಒಳಗೆ ಇಂಗ್ಲಿಷಿನಲ್ಲಿ ‘ನೆಟ್‌ವರ್ಕ್ ಲಿಂಕ್’ ಅಂತ ಇದ್ದು, ಕೆಳಗೊಂದು ವೆಬ್ ವಿಳಾಸ ಇರುತ್ತದೆ ಅಂತ ನನ್ನ ಊಹೆ. ಮೈ ಮ್ಯಾಪ್ಸ್‌ನಿಂದ ಇಳಿಸುವಾಗ ಟಿಕ್ ಹಾಕುವ ಎರಡು ಚೌಕ ಬರುತ್ತವೆ. ಒಂದು, ಆನ್‌ಲೈನ್ ಕೊಂಡಿಯ ಮೂಲಕ ಮಾಹಿತಿಯನ್ನು ಆಗಾಗ ಹೊಸದು ಮಾಡಿಕೊಳ್ಳುವುದು. ಇನ್ನೊಂದು, ಕೆಎಂಜೆಡ್ (ಅದುಮಿ ಚಿಕ್ಕದು ಮಾಡಿದ ಕೆಎಂಎಲ್) ಬದಲು ಕೆಎಂಎಲ್ ಕೊಡುವುದು. ಮೊದಲನೆಯದು ಕೇಳುವುದಕ್ಕೆ ಚೆನ್ನಾಗಿದೆ, ಹಾಗಾಗಿ ಎಲ್ಲರೂ ಒತ್ತುತ್ತಾರೆ. ಆಮೇಲೆ ಕೈಗೆ ಬರುವುದು ತೋಟದ ವಿಳಾಸ ಮಾತ್ರ. ಅದನ್ನು ಬಿಟ್ಟು ಎರಡನೆಯದಕ್ಕೆ ಟಿಕ್ ಹಾಕಿ ಇನ್ನೊಮ್ಮೆ ಇಳಿಸಿ.

ಈಗ ನೋಟ್‌ಪ್ಯಾಡ್‌ನಲ್ಲಿ 75.6, 13.1 ಅಂತ ಶುರುವಾಗುವ ಉದ್ದುದ್ದ ಸಂಖ್ಯೆಗಳು ಕಾಣಬೇಕು. ಕೆಎಂಎಲ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಾವು ಬಾಯಲ್ಲಿ ಹೇಳುವುದು ಉಲ್ಟಾ, ಅಲ್ವಾ? ನಾನೂ ಇಲ್ಲೇ ಎಡವಿದ್ದೆ. ಸಕಲೇಶಪುರದ ಗೆಳತಿಯ ರೈನ್‌ಗೇಜ್‌ಗಳ ಪಟ್ಟಿ ಹಾಕುವಾಗ ಎರಡು ಕಾಲಂ ಅದಲುಬದಲಾಗಿ, ಆರೂ ಚುಕ್ಕೆಗಳು ನಾರ್ವೆಯ ಉತ್ತರಕ್ಕೆ, ಹಿಮದ ಸಮುದ್ರದಲ್ಲಿ ಹೋಗಿ ಕೂತಿದ್ದವು. “ಅಲ್ಲಿ ಹೂಮಳೆ ಎಷ್ಟು ಸೆಂಟ್ ಬಿತ್ತು ಕೇಳೇ” ಅಂತ ಅವಳು ಈಗಲೂ ಕಾಡುತ್ತಾಳೆ. (ತೋಟದವರ ಮಳೆ ಲೆಕ್ಕದಲ್ಲಿ ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ.)

ಇನ್ನು ಪವರ್ ಬಿಐ. ಅದರ ಶೇಪ್ ಮ್ಯಾಪ್‌ಗೆ (ಗಡಿಗಳೊಳಗೆ ಬಣ್ಣ ತುಂಬುವ ನಕ್ಷೆ) ಕೆಎಂಎಲ್ ಆಗುವುದಿಲ್ಲ, ಟೋಪೋಜೇಸನ್ ಅನ್ನುವ ಬೇರೆ ನಮೂನೆಯ ನಕ್ಷೆ ಫೈಲ್ ಕೊಡಬೇಕು. ಕ್ಯುಜಿಐಎಸ್‌ನಲ್ಲಿ (ನಕ್ಷೆ ಕೆಲಸದ ಸಾಫ್ಟ್‌ವೇರ್) ಕೆಎಂಎಲ್ ತೆರೆದು ಜಿಯೋಜೇಸನ್ ಅನ್ನುವ ನಮೂನೆಯಲ್ಲಿ ಉಳಿಸಿ. ಅಳತೆ ಪದ್ಧತಿ (ಸಿಆರ್‌ಎಸ್) ಕೇಳಿದರೆ ಮಾಮೂಲಿ ಅಕ್ಷಾಂಶ-ರೇಖಾಂಶದ ಇಪಿಎಸ್‌ಜಿ 4326 ಆರಿಸಿ. ಅದನ್ನು ಮ್ಯಾಪ್‌ಶೇಪರ್ ತಾಣಕ್ಕೆ ಹಾಕಿದರೆ ಟೋಪೋಜೇಸನ್ ಸಿಗುತ್ತದೆ. ಎರಡಕ್ಕೂ ದುಡ್ಡಿಲ್ಲ. ಪವರ್ ಬಿಐನಲ್ಲಿ ಶೇಪ್ ಮ್ಯಾಪ್ ಕಾಣದಿದ್ದರೆ ಆಪ್ಷನ್ಸ್‌ನ ಪ್ರಿವ್ಯೂ ಫೀಚರ್ಸ್‌ನಲ್ಲಿ ಹುಡುಕಿ. ಶೇಪ್‌ಫೈಲ್ ಮಾಡಿ ಅಂತ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ, ಮಾಡಲು ಹೋಗಬೇಡಿ. ಅದು ಇನ್ನೊಂದು ಹಳೆಯ ನಮೂನೆಯ ನಕ್ಷೆ ಫೈಲ್. ಅದರಲ್ಲಿ ಕಾಲಂ ಹೆಸರು 10 ಬೈಟ್ ದಾಟುವಂತಿಲ್ಲ. ಕಂಪ್ಯೂಟರ್ ಅಕ್ಷರ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ‘ಕ’ 3 ಬೈಟ್ ನುಂಗುತ್ತದೆ, ಮೂರು ಅಕ್ಷರಕ್ಕೇ ಜಾಗ ಮುಗಿಯುತ್ತದೆ.

ನಿಮಗೆ ಜಾಸ್ತಿ ತಲೆನೋವು ಕೊಡುವುದು ಬ್ಲಾಕಿನ ಹೆಸರು. ನಕ್ಷೆಯ ‘ಹೊಳೆ ಬ್ಲಾಕ್’ ಮತ್ತು ಎಕ್ಸೆಲ್‌ನ ‘ಹೊಳೆ ಬ್ಲಾಕ್’ ನಮ್ಮ ಕಣ್ಣಿಗೆ ಒಂದೇ. ಆದರೆ ಕೆಲವು ಕೀಲಿಮಣೆಗಳು ಕೊನೆಯ ‘ಕ್’ ಆದಮೇಲೆ ಕಾಣದ ಗುರುತೊಂದನ್ನು ಸೇರಿಸಿಬಿಡುತ್ತವೆ. ಕಂಪ್ಯೂಟರಿಗೆ ಆಗ ಎರಡೂ ಬೇರೆ ಬೇರೆ, ಆ ಬ್ಲಾಕಿಗೆ ಬಣ್ಣ ಬರುವುದಿಲ್ಲ. ಹೆಸರು ಹೊಂದಿಸುವ ಗೋಜೇ ಬೇಡ. ಇಂಗ್ಲಿಷಿನ ಬಿ ಹಾಕಿ 01ರಿಂದ 09ರವರೆಗೆ ಕೋಡ್ ಕೊಡಿ. ಅದೇ ಕೋಡ್ ನಕ್ಷೆಯಲ್ಲೂ ಇರಲಿ, ಎಕ್ಸೆಲ್‌ನಲ್ಲೂ ಇರಲಿ. ಕನ್ನಡದ ಹೆಸರು ಪಕ್ಕದ ಕಾಲಂನಲ್ಲಿ ಆರಾಮವಾಗಿರುತ್ತದೆ.

ಪ್ರಶ್ನೆ: ಗ್ರಾಮನಕ್ಷೆಯ ಪಿಡಿಎಫ್ ಇದೆ. ಅದನ್ನೇ ಪವರ್ ಬಿಐಗೆ ನೇರ ಹಾಕಬಹುದಾ?
– ಓದುಗರು, ಆಲೂರು

ಉತ್ತರ: ಆಗುವುದಿಲ್ಲ. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ. ತಾನು ಭೂಮಿಯ ಮೇಲೆ ಎಲ್ಲಿದ್ದೇನೆ ಅಂತ ಅದಕ್ಕೆ ಗೊತ್ತಿಲ್ಲ. ಅದನ್ನು ಚಿತ್ರದ ಫೈಲ್ ಮಾಡಿಕೊಂಡು ಕ್ಯುಜಿಐಎಸ್‌ನ ಜಿಯೋರೆಫರೆನ್ಸರ್‌ನಲ್ಲಿ ತೆರೆಯಿರಿ. ಕೆರೆ ಕೋಡಿ, ರಸ್ತೆ ಕೂಡುವ ಜಾಗ, ಇಂಥ ನಾಲ್ಕಾರು ಗುರುತು ಹಿಡಿದು ಕೂರಿಸಿ, ಆಮೇಲೆ ಗಡಿಯನ್ನು ಕೈಯಿಂದಲೇ ಎಳೆಯಬೇಕು. ಒಂದು ಭಾನುವಾರ ಪೂರ್ತಿ ಹೋಗುತ್ತದೆ.