ಶಾಂಪೂ ಬಾಟಲಿಯೊಳಗೆ ಗೋರಿಕಾಯಿ!

ಪ್ರಶ್ನೆ: ಶಾಂಪೂ ಎಣ್ಣೆ, ಕೊಳೆ ತೆಗೆಯುತ್ತದೆ. ಕಂಡಿಷನರ್ ಕೂದಲಿಗೆ ನುಣುಪಾದ ಲೇಪ ಕೊಡುತ್ತದೆ. ಎರಡೂ ಒಂದೇ ಬಾಟಲಿಯಲ್ಲಿದ್ದರೆ ಹಚ್ಚಿದ್ದನ್ನು ಅದೇ ತೊಳೆದುಬಿಡಲ್ವಾ? (ತಿಪಟೂರಿನ ಓದುಗರು)

ಉತ್ತರ: ಒಳ್ಳೆ ಅನುಮಾನ. ಬಾಟಲಿಯ ಹಿಂಭಾಗದ ಸಣ್ಣಕ್ಷರ ಓದಿ ನೋಡಿ. ‘ಗ್ವಾರ್ ಹೈಡ್ರಾಕ್ಸಿಪ್ರೊಪೈಲ್‌ಟ್ರೈಮೋನಿಯಂ ಕ್ಲೋರೈಡ್’ ಅಂತಲೋ ‘ಪಾಲಿಕ್ವಾಟರ್ನಿಯಂ-10’ ಅಂತಲೋ ಇರಬಹುದು. ಮೊದಲನೆಯದು ನಮ್ಮ ಗೋರಿಕಾಯಿ (ಉತ್ತರ ಕರ್ನಾಟಕದವರ ಚವಳಿಕಾಯಿ) ಬೀಜದ ಅಂಟಿನಿಂದ ಆದದ್ದು, ಎರಡನೆಯದು ಸೆಲ್ಯುಲೋಸ್‌ನಿಂದ. ಎರಡೂ ಪಾಲಿಮರ್, ಅಂದರೆ ಉದ್ದುದ್ದ ಸರಪಳಿಯಂಥ ಅಣುಗಳು. ಇವುಗಳ ಮೇಲೆ ಪಾಸಿಟಿವ್ ಚಾರ್ಜ್ ಇರುತ್ತದೆ. ನೊರೆ ಕೊಟ್ಟು ಕೊಳೆ ತೆಗೆಯುವ ಸರ್ಫ್ಯಾಕ್ಟಂಟ್ ಮೇಲೆ ನೆಗೆಟಿವ್.

ಹಾಗಾದರೆ ಇವೆರಡೂ ಅಂಟಿಕೊಂಡು ಬಾಟಲಿಯಲ್ಲೇ ಗಷ್ಟು ಕಟ್ಟಬೇಕಿತ್ತು. ಕಟ್ಟಲ್ಲ, ಯಾಕೆಂದರೆ ಅಲ್ಲಿ ಸರ್ಫ್ಯಾಕ್ಟಂಟ್ ವಿಪರೀತ ಜಾಸ್ತಿ, ಅದು ಪಾಲಿಮರ್ ಸರಪಳಿಯನ್ನು ಸುತ್ತಲೂ ಮುತ್ತಿಕೊಂಡು ಕರಗಿದ ಹಾಗೇ ಇಟ್ಟಿರುತ್ತದೆ. ತಲೆಗೆ ನೀರು ಹೊಯ್ದಾಗಲೇ ಆಟ ಶುರು. ಸರ್ಫ್ಯಾಕ್ಟಂಟ್ ತೆಳುವಾಗುತ್ತದೆ, ಮುತ್ತಿಗೆ ಸಡಿಲವಾಗುತ್ತದೆ, ಪಾಲಿಮರ್ ಒಂದಷ್ಟು ಸರ್ಫ್ಯಾಕ್ಟಂಟನ್ನೂ ಜೊತೆಗೆಳೆದುಕೊಂಡು ಲೋಳೆಯಾಗಿ ಬೇರ್ಪಟ್ಟು ಕೂದಲ ಮೇಲೆ ಕೂರುತ್ತದೆ. ಶಾಂಪೂವಿನಲ್ಲಿ ನುಣುಪು ಕೊಡುವ ಸಿಲಿಕೋನ್ ಹನಿಗಳಿದ್ದರೆ ಅವೂ ಇದರ ಜೊತೆ ಬಂದು ಅಂಟುತ್ತವೆ. ಹಾಳಾದ ಕೂದಲಿನ ಮೇಲೆ ನೆಗೆಟಿವ್ ಚಾರ್ಜ್ ಜಾಸ್ತಿ, ಹಾಗಾಗಿ ಎಲ್ಲಿ ಬೇಕೋ ಅಲ್ಲೇ ಹೆಚ್ಚು ಹಿಡಿಯುತ್ತದೆ. ನೊರೆ ಇರುವಾಗ ತೊಳೆಯುವ ಕೆಲಸ, ನೀರು ಹೊಯ್ಯುವಾಗ ಲೇಪದ ಕೆಲಸ. ನನ್ನ ಕೇಳಿದರೆ ಇದು ಬಹಳ ಜಾಣ ಉಪಾಯ.

ಮನೆಯಲ್ಲೇ ನೋಡಬೇಕಾ? ಇಂಥ ಪಾಲಿಮರ್ ಇರುವ, ಪಾರದರ್ಶಕ ಶಾಂಪೂ ಒಂದು ಚಮಚ ಗಾಜಿನ ಲೋಟಕ್ಕೆ ಹಾಕಿ, ಚಮಚ ಚಮಚವಾಗಿ ನೀರು ಸೇರಿಸುತ್ತಾ ನಿಧಾನಕ್ಕೆ ಕಲಕಿ. ತಿಳಿಯಾಗಿದ್ದದ್ದು ಒಂದು ಹಂತದಲ್ಲಿ ಮಬ್ಬಾಗುತ್ತದೆ. ಆ ಮಬ್ಬೇ ಕಂಡಿಷನರ್. ಮುತ್ತಿನ ಹೊಳಪಿನ ಶಾಂಪೂ ಬೇಡ, ಅದು ಮೊದಲೇ ಮಬ್ಬು.

ಅಂದಹಾಗೆ, ಕರಾವಳಿ ಮಲೆನಾಡಿನವರು ಸೀಗೆಪುಡಿ ಜೊತೆ ದಾಸವಾಳದ ಸೊಪ್ಪಿನ ಗೊಂಪು ಹಚ್ಚುತ್ತಾರಲ್ಲ, ಅಲ್ಲೂ ಇದೇ ಜೋಡಿ: ಸೀಗೆಯ ಸಪೋನಿನ್ ಸರ್ಫ್ಯಾಕ್ಟಂಟ್, ಗೊಂಪಿನ ಲೋಳೆ ಪಾಲಿಮರ್. ಆದರೆ ಚಾರ್ಜಿನ ಈ ಚಮತ್ಕಾರ ಅಲ್ಲಿಲ್ಲ.

ಪ್ರಶ್ನೆ: ಪೌಡರ್ ಜಾಸ್ತಿ ಹಾಕಿದರೆ ಬಟ್ಟೆ ಜಾಸ್ತಿ ಬೆಳ್ಳಗಾಗುತ್ತಾ? (ಹಾವೇರಿಯ ಓದುಗರು)

ಉತ್ತರ: ಒಂದು ಮಿತಿಯವರೆಗೆ. ಸರ್ಫ್ಯಾಕ್ಟಂಟ್ ಅಣುಗಳು ಮೊದಲು ನೀರಿನ ಮೇಲ್ಮೈಯಲ್ಲಿ ಜಾಗ ಹಿಡಿಯುತ್ತವೆ, ಎಣ್ಣೆ ಇಷ್ಟಪಡುವ ಬಾಲ ಹೊರಗೆ, ನೀರು ಇಷ್ಟಪಡುವ ತಲೆ ಒಳಗೆ. ಅಲ್ಲಿ ಭರ್ತಿಯಾದ ಮೇಲೆ ಬಂದವು ನೀರಿನೊಳಗೇ ಗುಂಪುಗೂಡುತ್ತವೆ, ಅದೇ ಮೈಸೆಲ್. ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ಸರ್ಫ್ಯಾಕ್ಟಂಟ್ ಆದರೆ ಶುದ್ಧ ನೀರಿನಲ್ಲಿ ಲೀಟರಿಗೆ ಸುಮಾರು 2.3 ಗ್ರಾಂ ಆದಾಗ ಈ ಗುಂಪುಗಾರಿಕೆ ಶುರು, ಒಂದೊಂದು ಗುಂಪಿನಲ್ಲಿ ಹೆಚ್ಚುಕಮ್ಮಿ 60 ಅಣು. ಎಣ್ಣೆ ಜಿಡ್ಡು ಇವುಗಳ ಹೊಟ್ಟೆ ಸೇರುತ್ತದೆ, ನಿಜ, ಆದರೆ ನೀರು ಬಟ್ಟೆಗೆ ಚೆನ್ನಾಗಿ ಇಳಿಯದಂತೆ ತಡೆಯುವ ಮೇಲ್ಮೈ ಸೆಳೆತ ಅಲ್ಲಿಂದಾಚೆಗೆ ಹೆಚ್ಚೇನೂ ಇಳಿಯಲ್ಲ. ಸುಮ್ನೆ ಪೌಡರ್ ಸುರಿದರೆ ಜಾಲಾಡಲು ಎರಡು ಬಕೆಟ್ ನೀರು ಹೆಚ್ಚು ಬೇಕು ಅಷ್ಟೆ.

ಬಿಟ್ಟ ಕೊಳೆ ಹತ್ತಿಯ ಬಟ್ಟೆ ಮೇಲೆ ಮತ್ತೆ ಕೂರದಂತೆ ತಡೆಯಲು ಹಲವು ಪೌಡರ್‌ಗಳಲ್ಲಿ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ ಎಂಬ ಪಾಲಿಮರ್ ಚೂರು ಇರುತ್ತದೆ. ನೊರೆ ಮಾತ್ರ ಲೆಕ್ಕಕ್ಕಿಲ್ಲ. ಮುಂಭಾಗದಲ್ಲಿ ಬಾಗಿಲಿರುವ (ಫ್ರಂಟ್ ಲೋಡ್) ವಾಷಿಂಗ್ ಮಷೀನಿನ ಪೌಡರ್ ನೊರೆ ಕಮ್ಮಿ ಬರುವಂತೆಯೇ ಮಾಡಿದ್ದು.